ಓಣಿಗಳಲ್ಲಿ ಟಿಪ್ಪರ್ ಸಂಚಾರ

ಕಟ್ಟಡಕ್ಕೆ ಬೇಕಾಗುವ ಉಸುಕು, ಖಡಿ, ಗರಸು, ಸಿಮೆಂಟು, ಕಬ್ಬಿಣ ಎಲ್ಲವೂ ಬೇರೆ ಕಡೆಯಿಂದ ಬರಬೇಕು. ಹೊಳೆದಂಡೆಯಿಂದಲೋ ಖಣಿಯಿಂದಲೋ ಕ್ರಷರಿನಿಂದಲೋ ಹೊರಟ ಗಾಡಿ ಹೆದ್ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಯಾರಿಗೂ ತೊಡಕಾಗದೆ ಸಾಗುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ಮಾತ್ರ ಅದು ಮನೆಗಳ ನಡುವಿನ ಓಣಿಯಲ್ಲಿ ಹಾಯಬೇಕಾಗುತ್ತದೆ. ಒಡೆದ ರಸ್ತೆ, ಬಿರುಕು ಬಿಟ್ಟ ಗೋಡೆ, ಧೂಳು, ಜಗಳ, ಅಪಘಾತ ಹುಟ್ಟುವುದು ಈ ಕೊನೆಯ ತುಂಡಿನಲ್ಲಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪಟ್ಟಣಗಳಲ್ಲಿ ಈ ತೊಂದರೆಗೆ ಅಲ್ಲಿನ ಮಣ್ಣು, ಹಳೆಯ ಊರಿನ ಕಟ್ಟಣೆ ಮತ್ತು ಎಡೆಬಿಡದೆ ನಡೆದಿರುವ ಕಾಮಗಾರಿಗಳಿಂದ ವಿಶೇಷವಾದ ಒಂದು ಸ್ವರೂಪ ಬಂದಿದೆ.

ಜಿಲ್ಲೆಯ ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಇಂಡಿ ಮತ್ತು ಸಿಂದಗಿಯ ಕಡೆಗೆ ಭೀಮಾ ತೀರದ ಉಸುಕು ಬರುತ್ತದೆ. ಸಿಂದಗಿಗೆ ರಾಷ್ಟ್ರೀಯ ಹೆದ್ದಾರಿ 50ರ ಮೂಲಕ ಕಲಬುರಗಿ ಜಿಲ್ಲೆಯ ಸಿಮೆಂಟು ಮತ್ತು ಶಹಾಬಾದ ಕಲ್ಲು ಜೇವರ್ಗಿ ದಾಟಿ ಇಳಿಯುತ್ತವೆ. ಸೊಲ್ಲಾಪುರ-ವಿಜಯಪುರ ನಡುವಿನ ಹೆದ್ದಾರಿ 52ರಲ್ಲಿ ಬಂದ ಲಾರಿಗಳು ಝಳಕಿಯಲ್ಲಿ ತಿರುಗಿ ಇಂಡಿಗೆ ಹೋಗುತ್ತವೆ. ಮುದ್ದೇಬಿಹಾಳದ ಸುತ್ತ ತಾಳಿಕೋಟೆಯ ಫರಸಿ ಕಲ್ಲು ಹೆಸರಾದದ್ದು. ಬಸವನ ಬಾಗೇವಾಡಿ ಸೀಮೆ ಕಳೆದ ಅರವತ್ತು ವರ್ಷಗಳಲ್ಲಿ ಕಂಡಷ್ಟು ದೊಡ್ಡ ಕಾಮಗಾರಿಗಳನ್ನು ರಾಜ್ಯದ ಕೆಲವೇ ಗ್ರಾಮೀಣ ತಾಲೂಕುಗಳು ಕಂಡಿವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಅಂದಿನ ಈ ತಾಲೂಕಿನ ಎಲ್ಲೆಯಲ್ಲೇ ಎದ್ದಿತು. ಅದರ ಹಿಂದೆಯೇ ಮುಳುಗಡೆಯ ಹಳ್ಳಿಗಳ ಪುನರ್ವಸತಿ ಕೇಂದ್ರಗಳು, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು, ವಿಜಯಪುರದಿಂದ ಹುನಗುಂದದವರೆಗಿನ ಚತುಷ್ಪಥ ರಸ್ತೆ, ಕೂಡಗಿಯ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬಂದವು. ಕೂಡಗಿಯ 800 ಮೆಗಾವಾಟಿನ ಮೂರು ಘಟಕಗಳು 2017 ಮತ್ತು 2018ರಲ್ಲಿ ವಿದ್ಯುತ್ ಕೊಡತೊಡಗಿದವು. ಕಟ್ಟಡ ಮುಗಿದರೂ ಗಾಡಿಗಳ ಓಡಾಟ ಮುಗಿಯಲಿಲ್ಲ. ಉಷ್ಣ ಸ್ಥಾವರಗಳ ಹಾರುಬೂದಿಯನ್ನು ಸುತ್ತಲಿನ 300 ಕಿಲೋಮೀಟರ್ ವ್ಯಾಪ್ತಿಯ ರಸ್ತೆ ಮತ್ತು ಕಟ್ಟಡ ಕೆಲಸಗಳಲ್ಲಿ ಬಳಸಬೇಕೆಂದು ಕೇಂದ್ರ ಪರಿಸರ ಮಂತ್ರಾಲಯದ ಅಧಿಸೂಚನೆಯೇ ಹೇಳುವುದರಿಂದ, ಬೂದಿ ತುಂಬಿದ ಲಾರಿಗಳು ಸ್ಥಾವರ ಇರುವವರೆಗೂ ಓಡುತ್ತವೆ.

ಈ ದೊಡ್ಡ ಕೆಲಸಗಳ ಜೊತೆಗೆ ಪಟ್ಟಣದ ಒಳಗಿನ ಸಣ್ಣ ಕೆಲಸಗಳಿವೆ. 2021ರ ಅಕ್ಟೋಬರಿನಲ್ಲಿ ಶುರುವಾದ ಅಮೃತ್ 2.0 ಯೋಜನೆ ಎಲ್ಲ ಪಟ್ಟಣಗಳಿಗೂ ನಲ್ಲಿ ನೀರು ಮುಟ್ಟಿಸುವ ಗುರಿ ಹೊತ್ತಿದೆ. ನಗರೋತ್ಥಾನ ಯೋಜನೆಯ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆಗಳು, ಒಳಚರಂಡಿ, ಹೊಸ ಬಡಾವಣೆಗಳು, ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವ ಕುಟುಂಬಗಳು ಇವೆ. 2011ರ ಜನಗಣತಿಯಂತೆ ಈ ನಾಲ್ಕೂ ಪಟ್ಟಣಗಳ ಜನಸಂಖ್ಯೆ 30 ರಿಂದ 40 ಸಾವಿರದ ಒಳಗಿತ್ತು. ಆ ಗಾತ್ರದ ಊರಿನಲ್ಲಿ ಒಂದು ಓಣಿಯ ಕೆಲಸ ಸುತ್ತಲಿನ ನಾಲ್ಕಾರು ಓಣಿಗಳನ್ನು ತಟ್ಟದೆ ಇರುವುದಿಲ್ಲ.

ಒಂದು ಸಾಧಾರಣ ಕೆಲಸಕ್ಕೆ ಎಷ್ಟು ಗಾಡಿ ಬೇಕು ಎಂಬ ಲೆಕ್ಕ ಹಾಕಿದರೆ ಮಾತು ಸ್ಪಷ್ಟವಾಗುತ್ತದೆ. ಒಂದು ಕಿಲೋಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ರಸ್ತೆಗೆ 30 ಸೆಂಟಿಮೀಟರ್ ದಪ್ಪ ಗರಸು ಹಾಸಿ ರೋಲರ್ ಹೊಡೆಯಬೇಕು ಎಂದುಕೊಂಡರೆ, ಗಟ್ಟಿಯಾದ ಮೇಲೆ ಅದು 1200 ಘನ ಮೀಟರ್. ಸಡಿಲ ಸ್ಥಿತಿಯಲ್ಲಿ ತರುವಾಗ ಸುಮಾರು 1500 ಘನ ಮೀಟರ್. ಹತ್ತು ಗಾಲಿಯ ಟಿಪ್ಪರ್ ಕಾನೂನಿನ ಮಿತಿಯೊಳಗೆ ಸುಮಾರು 10 ಘನ ಮೀಟರ್ ಗರಸು ಹೊರಬಲ್ಲದು. ಅಲ್ಲಿಗೆ 150 ಟ್ರಿಪ್. ಖಾಲಿ ಮರಳುವುದನ್ನೂ ಸೇರಿಸಿದರೆ ಒಂದು ಮನೆಯ ಮುಂದೆ 300 ಸಲ ಗಾಡಿ ಹಾಯುತ್ತದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಹಿಡಿಯುವುದು ಒಂದು ಬ್ರಾಸ್, ಅಂದರೆ ನೂರು ಘನ ಅಡಿ. ಅದೇ ಗರಸನ್ನು ಟ್ರ್ಯಾಕ್ಟರಿನಲ್ಲಿ ತಂದರೆ ಹೋಗಿಬರುವುದು ಸೇರಿ ಸಾವಿರದ ಮೇಲೆ ಸಲ ಹಾಯಬೇಕು. ಇದು ಗರಸಿನ ಲೆಕ್ಕ ಮಾತ್ರ. ಅದರ ಮೇಲೆ ಖಡಿ, ಕಾಂಕ್ರೀಟು, ನೀರಿನ ಟ್ಯಾಂಕರು, ಅಗೆದು ತೆಗೆದ ಮಣ್ಣು ಹೊರುವ ಗಾಡಿಗಳು ಬೇರೆ.

ಇಷ್ಟು ಗಾಡಿ ಹಾಯುವ ಓಣಿ ಹೇಗಿರುತ್ತದೆ? ಅಗಸಿಯ ಒಳಗಿನ ಹಳೆಯ ಊರು ಬಂಡಿಯ ಅಳತೆಗೆ ಬೆಳೆದದ್ದು. ಮನೆಯ ಕಟ್ಟೆಗಳು ದಾರಿಗೆ ಚಾಚಿರುತ್ತವೆ. ತಿರುವುಗಳು ಎತ್ತಿನ ಬಂಡಿಗೆ ಸಾಕಾಗುವಷ್ಟು. ಸರಕು ವಾಹನದ ಅಗಲಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು ಇಟ್ಟಿರುವ ಮಿತಿ 2.6 ಮೀಟರ್. ನಾಲ್ಕು ಮೀಟರಿನ ಓಣಿಗೆ ಅಂಥ ಗಾಡಿ ಹೊಕ್ಕರೆ ಎರಡೂ ಬದಿ ಸೇರಿ ಉಳಿಯುವುದು 1.4 ಮೀಟರ್. ಒಂದು ಮೋಟಾರ್ ಸೈಕಲ್ ನಿಂತಿದ್ದರೆ ಅದೂ ಇಲ್ಲ. ಎದುರಿಗೆ ಬಂದ ಅಜ್ಜಿ ಮತ್ತೊಬ್ಬರ ಮನೆಯ ಪಡಸಾಲೆ ಹತ್ತಿ ನಿಲ್ಲಬೇಕು. ಮೇಲೆ ವಿದ್ಯುತ್ ತಂತಿ. ರಸ್ತೆಗೆ ಅಡ್ಡ ಹಾಯುವ ಕಡಿಮೆ ಒತ್ತಡದ ತಂತಿ ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರ ಇರಬೇಕೆಂಬುದು ನಿಯಮ. ಆದರೆ ರಸ್ತೆಯ ಮೇಲೆ ರಸ್ತೆ ಹಾಕಿ ನೆಲವೇ ಏರಿದ ಓಣಿಗಳಲ್ಲಿ ಆ ಅಂತರ ಕುಗ್ಗಿರುತ್ತದೆ, ಟಿಪ್ಪರ್ ಬಕೆಟ್ ಎತ್ತಿದಾಗ ತುದಿ ತಂತಿಯ ಹತ್ತಿರ ಹೋಗುತ್ತದೆ. ಗರಸು ಸುರಿಯುವ ಮೊದಲು ಚಾಲಕ ನೋಡಬೇಕಾದದ್ದು ಮೇಲೆ. ಬಹಳ ಚಾಲಕರು ನೋಡುವುದು ಹಿಂದೆ ಮಾತ್ರ.

ಪುನರ್ವಸತಿ ಕೇಂದ್ರಗಳ ಸ್ಥಿತಿ ಇದಕ್ಕಿಂತ ಉತ್ತಮ. ಅವು ನಕ್ಷೆ ಮಾಡಿ ಕಟ್ಟಿದ ಊರುಗಳು. ಅಲ್ಲಿನ ನೇರ, ಅಗಲ ರಸ್ತೆಗಳಲ್ಲಿ ಗಾಡಿ ತಿರುಗಲು ಜಾಗವಿದೆ. ಹಾಗಾಗಿ ಅಲ್ಲಿ ಕಾಡುವುದು ಇಕ್ಕಟ್ಟಿಗಿಂತ ವೇಗ.

ಓಣಿಯ ಅಗಲಕ್ಕಿಂತ ಗಂಭೀರವಾದದ್ದು ಅದರ ಅಡಿಯ ಮಣ್ಣು. ಈ ನಾಲ್ಕೂ ತಾಲೂಕುಗಳ ಬಹುಭಾಗ ಎರೆಭೂಮಿ. ಎರೆಮಣ್ಣಿನ ಜೇಡಿಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ರಸ್ತೆ ಎಂಜಿನಿಯರುಗಳು ಮಣ್ಣಿನ ತಾಳಿಕೆಯನ್ನು ಸಿಬಿಆರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೀರಲ್ಲಿ ನೆನೆದ ಎರೆಮಣ್ಣಿನ ಸಿಬಿಆರ್ ಶೇಕಡಾ 2 ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಗಟ್ಟಿ ಜಲ್ಲಿಯ ತಾಳಿಕೆಯ ಐವತ್ತನೆಯ ಒಂದು ಪಾಲು. ಅದಕ್ಕೇ ಇಂಥ ಮಣ್ಣಿನ ಮೇಲೆ ಭಾರದ ರಸ್ತೆ ಮಾಡುವಾಗ ಉಬ್ಬದ ಮಣ್ಣಿನ ಪದರವನ್ನು 60 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಹಾಸಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಸೂಚಿಸುತ್ತದೆ. ಹೆದ್ದಾರಿಗೆ ಹಾಗೆ ಮಾಡುತ್ತಾರೆ. ಓಣಿಯ ಸಿಸಿ ರಸ್ತೆಗೆ ಅಷ್ಟು ಆಳ ಅಗೆಯುವ ಹಣವೂ ಇರುವುದಿಲ್ಲ, ಅಗತ್ಯವೂ ಇರಲಿಲ್ಲ. ಅದು ಮೋಟಾರ್ ಸೈಕಲ್, ಆಟೊ, ಕಾರುಗಳಿಗೆಂದು ಮಾಡಿದ್ದು.

ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಬೇಕೆಂದೇ ಕಟ್ಟಿದ ರಸ್ತೆಗಳ ಮೇಲೆ ಭಾರದ ಲಾರಿಗಳನ್ನು ಓಡಿಸಿ ನೋಡಿದ ಪರೀಕ್ಷೆಯಿಂದ ತಿಳಿದದ್ದು ಇದು: ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಗಣಿತದಲ್ಲಿ ಇದಕ್ಕೆ ನಾಲ್ಕನೆಯ ಘಾತ ಎನ್ನುತ್ತಾರೆ. ಶೇಕಡಾ 20 ರಷ್ಟು ಹೆಚ್ಚು ಭಾರ ಹೇರಿದರೆ ಹಾನಿ ಎರಡು ಪಟ್ಟು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ, ಹತ್ತು ಗಾಲಿಯ ಗಾಡಿಯ ಒಟ್ಟು ತೂಕವನ್ನು 25 ರಿಂದ 28.5 ಟನ್ನಿಗೆ ಏರಿಸಿತು. ಸಾಗಣೆಯವರಿಗೆ ಅನುಕೂಲವಾಯಿತು. ಆದರೆ ಈ ಕಾನೂನುಬದ್ಧ ಏರಿಕೆಯೊಂದರಿಂದಲೇ ಒಂದು ಅಚ್ಚು ರಸ್ತೆಗೆ ಮಾಡುವ ಹಾನಿ ಶೇಕಡಾ 60 ರಷ್ಟು ಹೆಚ್ಚಿತು. ಊರೊಳಗಿನ ಹಳೆಯ ರಸ್ತೆಗಳನ್ನು ಯಾರೂ ಅದಕ್ಕೆ ತಕ್ಕಂತೆ ಗಟ್ಟಿ ಮಾಡಲಿಲ್ಲ.

ಒಳಚರಂಡಿಯ ಮುಚ್ಚಳವನ್ನು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಭಾರತೀಯ ಮಾನಕದಂತೆ ಕಾಂಕ್ರೀಟಿನ ಮ್ಯಾನ್‌ಹೋಲ್ ಮುಚ್ಚಳದಲ್ಲಿ ನಾಲ್ಕು ದರ್ಜೆಗಳಿವೆ: 2.5, 10, 20 ಮತ್ತು 35 ಟನ್ ತಾಳುವವು. ಮುಚ್ಚಳದ ಮೇಲೆಯೇ ಎಲ್‌ಡಿ, ಎಂಡಿ, ಎಚ್‌ಡಿ, ಇಎಚ್‌ಡಿ ಎಂದು ಅಚ್ಚೊತ್ತಿರುತ್ತದೆ. ಎಲ್‌ಡಿ ಎಂದರೆ 2.5 ಟನ್ನಿನದು, ಕಾಲುದಾರಿ ಮತ್ತು ಸಣ್ಣ ಗಾಡಿಗಳ ಜಾಗಕ್ಕೆ. ಹತ್ತು ಗಾಲಿಯ ಟಿಪ್ಪರಿನ ಹಿಂದಿನ ಜೋಡಿ ಅಚ್ಚಿಗೆ ಕಾನೂನು ಒಪ್ಪುವ ಭಾರ 21 ಟನ್. ಅದು ಎಂಟು ಟಯರುಗಳ ಮೇಲೆ ಹಂಚಿದರೂ ಒಂದು ಜೋಡಿ ಟಯರಿನ ಅಡಿಗೆ 5 ಟನ್ನಿಗಿಂತ ಹೆಚ್ಚು ಬೀಳುತ್ತದೆ. ಎಲ್‌ಡಿ ಮುಚ್ಚಳ ತಾಳುವುದರ ಎರಡು ಪಟ್ಟು. ಮಿತಿಯೊಳಗೆ ತುಂಬಿದ ಗಾಡಿಯೇ ಹೀಗಾದರೆ, ಮೇಲೆ ಗೋಪುರದಂತೆ ಉಸುಕು ಹೇರಿದ ಗಾಡಿಯ ಮಾತು ಬೇರೆ ಹೇಳಬೇಕಿಲ್ಲ. ಮುಚ್ಚಳ ಒಡೆದ ಮೇಲೆ ಆ ಗುಂಡಿಗೆ ಕಟ್ಟಿಗೆ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಅದು ತಿಂಗಳುಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಪೇವರ್ ಹಾಸಿನ ಕಥೆಯೂ ಇದೇ. 60 ಮಿಲಿಮೀಟರ್ ದಪ್ಪದ ಬ್ಲಾಕು ಹಗುರ ಓಡಾಟಕ್ಕೆ. ಭಾರದ ಗಾಡಿ ಬರುವ ಕಡೆ 100 ಮಿಲಿಮೀಟರಿನದು ಬೇಕು.

ಇದೇ ನಾಲ್ಕನೆಯ ಘಾತದ ಲೆಕ್ಕ ಒಂದು ಉಪಾಯವನ್ನೂ ತೋರಿಸುತ್ತದೆ. ಒಂದು ಬ್ರಾಸ್ ತುಂಬಿದ ನಾಲ್ಕು ಗಾಲಿಯ ಟ್ರೇಲರಿನ ಒಂದೊಂದು ಅಚ್ಚಿನ ಮೇಲೆ ಬೀಳುವುದು ಮೂರು ಟನ್ನಿನ ಆಸುಪಾಸು. ಟಿಪ್ಪರಿನ ಹಿಂದಿನ ಅಚ್ಚಿನ ಮೇಲೆ ಅದರ ಮೂರೂವರೆ ಪಟ್ಟು. ಆದ್ದರಿಂದ ತುಂಬಿದ ಒಂದು ಟಿಪ್ಪರ್ ರಸ್ತೆಗೆ ಮಾಡುವ ಹಾನಿ, ಅಂದಾಜಿಗೆ, ನೂರು ಟ್ರ್ಯಾಕ್ಟರ್ ಟ್ರಿಪ್ಪುಗಳ ಹಾನಿಗೆ ಸಮ. ಹೊರುವ ಮಾಲು ಮಾತ್ರ ಮೂರ್ನಾಲ್ಕು ಟ್ರ್ಯಾಕ್ಟರಿನಷ್ಟು. ಹಳೆಯ ಊರಿನ ಎಳಸು ರಸ್ತೆಗಳಲ್ಲಿ ಟಿಪ್ಪರನ್ನು ಊರ ಹೊರಗೆ ನಿಲ್ಲಿಸಿ, ಅಲ್ಲೇ ಮಾಲು ಇಳಿಸಿ, ಕೊನೆಯ ಅರ್ಧ ಕಿಲೋಮೀಟರಿಗೆ ಟ್ರ್ಯಾಕ್ಟರ್ ಬಳಸುವುದು ರಸ್ತೆಯ ದೃಷ್ಟಿಯಿಂದ ನಿಸ್ಸಂದೇಹವಾಗಿ ಮೇಲು. ಅದರಿಂದ ಓಡಾಟ ಮೂರೂವರೆ ಪಟ್ಟಾಗುತ್ತದೆ, ಎರಡು ಸಲ ತುಂಬಿ ಇಳಿಸುವ ಕೂಲಿ ಬೀಳುತ್ತದೆ ಎಂಬುದು ನಿಜ. ಆದರೆ ಆ ಕೂಲಿಯನ್ನು ಹೊಸ ರಸ್ತೆಯ ಬೆಲೆಯ ಜೊತೆ ಇಟ್ಟು ನೋಡಬೇಕು. ಒಂದು ಎಚ್ಚರಿಕೆಯೂ ಬೇಕು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಉಸುಕು ಹೊತ್ತಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ನೊಂದ ಕುಟುಂಬ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತದೆ. ಹಿಂದಿನ ದೀಪ, ರಿಫ್ಲೆಕ್ಟರ್ ಮತ್ತು ಬಾಡಿಗೆಗೆ ತಕ್ಕ ನೋಂದಣಿ ಇರುವ ಟ್ರೇಲರನ್ನು ಮಾತ್ರ ಈ ಕೆಲಸಕ್ಕೆ ಬಿಡಬೇಕು.

ವರ್ಷದ ಯಾವ ಕಾಲ ಎಂಬುದೂ ಮುಖ್ಯ. ಜಿಲ್ಲೆಯ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರಿನ ಸುಮಾರಿಗೆ. ಆಗ ಎರೆಮಣ್ಣು ಪೂರಾ ನೆನೆದು ಅತ್ಯಂತ ಮೆತ್ತಗಿರುತ್ತದೆ. ಆ ವಾರಗಳಲ್ಲಿ ಹಾದ ಒಂದು ಭಾರದ ಗಾಡಿ ಬೇಸಿಗೆಯಲ್ಲಿ ಹಾದ ಹಲವು ಗಾಡಿಗಳಷ್ಟು ಕೆಡಿಸುತ್ತದೆ. ದೊಡ್ಡ ಸಾಗಣೆಯನ್ನು ಡಿಸೆಂಬರಿನಿಂದ ಮೇ ತಿಂಗಳ ನಡುವೆ ಮುಗಿಸುವಂತೆ ಕಾಮಗಾರಿ ಪಂಚಾಂಗವನ್ನು ಹೊಂದಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮಾರ್ಚಿನಲ್ಲಿ ಅನುದಾನ ಬಂದು, ಟೆಂಡರ್ ಮುಗಿಯುವ ಹೊತ್ತಿಗೆ ಮಳೆಗಾಲ ಬರುವುದು ನಮ್ಮ ಪಟ್ಟಣಗಳ ಹಳೆಯ ರೋಗ. ಇದನ್ನು ಸರಿಪಡಿಸಬೇಕಾದವರು ಗುತ್ತಿಗೆದಾರರಲ್ಲ, ಆಡಳಿತ.

ರಸ್ತೆಯ ಜೊತೆ ಗೋಡೆಗಳೂ ಪೆಟ್ಟು ತಿನ್ನುತ್ತವೆ. ಹಳೆಯ ಊರಿನ ಮಾಳಿಗೆ ಮನೆಗಳು ಕಲ್ಲು-ಮಣ್ಣಿನ ದಪ್ಪ ಗೋಡೆಯವು. ಮಾಳಿಗೆಯ ಮೇಲಿನ ಮಣ್ಣಿನ ಭಾರ ಬೇರೆ. ಗಚ್ಚಿಲ್ಲದ ಮಣ್ಣಿನ ಸಂದಿಗಳು ಅದುರುವಿಕೆಯನ್ನು ತಡೆಯವು. ಅದುರುವಿಕೆ ಹೆಚ್ಚುವುದು ಗಾಡಿ ಗುಂಡಿಗೆ ಬಿದ್ದಾಗ ಮತ್ತು ಕಡಿದಾದ ಹಂಪ್ ಹಾರಿದಾಗ. ಓಣಿಯವರು ವೇಗ ತಡೆಯಲು ತಾವೇ ಸಿಮೆಂಟ್ ಸುರಿದು ಮಾಡುವ ಮೊಂಡು ಹಂಪು, ಪಕ್ಕದ ಮಣ್ಣಿನ ಗೋಡೆಗೆ ಪ್ರತಿ ಟ್ರಿಪ್ಪಿಗೂ ಒಂದು ಪೆಟ್ಟು ಕೊಡುತ್ತದೆ. ಸರಿಯಾದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹಿತವಾಗಿ ದಾಟುವಂತಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ವೇಗ ತಗ್ಗಿಸಿ, ಗುಂಡಿ ಮುಚ್ಚಿದರೆ ಅದುರುವಿಕೆಯ ಬಹುಭಾಗ ನಿಲ್ಲುತ್ತದೆ.

ಧೂಳಿಗೆ ಮದ್ದು ಗೊತ್ತಿರುವುದೇ: ತಾಡಪತ್ರಿ ಮತ್ತು ನೀರು. ಕಟ್ಟಡ ಕಾಮಗಾರಿಯ ಧೂಳು ತಡೆಯುವ ನಿಯಮಗಳನ್ನು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿತು. ಮಾಲು ಹೊರುವ ಗಾಡಿಯನ್ನು ಮುಚ್ಚಬೇಕು, ಉಸುಕು-ಮಣ್ಣಿನ ರಾಶಿಯನ್ನು ತೆರೆದಿಡಬಾರದು ಎಂಬುದು ಅದರಲ್ಲಿದೆ. ಹಾರುಬೂದಿಯ ವಿಷಯದಲ್ಲಿ ಇದಕ್ಕೆ ವಿನಾಯಿತಿಯೇ ಇರಕೂಡದು. ಅದು ಹಿಟ್ಟಿಗಿಂತ ನುಣುಪು, ಒಮ್ಮೆ ಎದ್ದರೆ ಮನೆಯೊಳಗಿನ ಹಿಟ್ಟಿನ ಡಬ್ಬಿಯವರೆಗೂ ಹೋಗುತ್ತದೆ.

ಸದ್ದಿಗೂ ಮಿತಿ ಇದೆ. 2000ರ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10 ರಿಂದ ಬೆಳಗಿನ 6 ರವರೆಗೆ 45 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿಯ ಟಿಪ್ಪರ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಪರವಾನಗಿ ಇಲ್ಲದ ಉಸುಕು ಸಾಮಾನ್ಯವಾಗಿ ರಾತ್ರಿಯೇ ಚಲಿಸುವುದರಿಂದ, ನಿದ್ದೆಗೆಡಿಸುವ ಸದ್ದಿನ ಹಿಂದೆ ಹಲವು ಸಲ ಉಪಖನಿಜದ ಕಾನೂನು ಮುರಿದವರೂ ಇರುತ್ತಾರೆ.

ಎಲ್ಲಕ್ಕಿಂತ ದೊಡ್ಡದು ಜೀವದ ಮಾತು. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಚಾಲಕನಿಗೆ ಗಾಡಿಯ ಮುಂಭಾಗಕ್ಕೆ ಅಂಟಿ ನಿಂತ ಮಗು ಕಾಣುವುದಿಲ್ಲ. ಎಡಬದಿಯ ಬಾಗಿಲ ಪಕ್ಕದ ಸೈಕಲ್ ಕಾಣುವುದಿಲ್ಲ. ಹಿಂದೆ ಬಕೆಟ್ಟಿನ ಮರೆಯಲ್ಲಿ ಏನಿದ್ದರೂ ಕಾಣುವುದಿಲ್ಲ. ತಿರುಗಲು ಜಾಗವಿಲ್ಲದ ಓಣಿಯಲ್ಲಿ ಗಾಡಿ ಒಂದೋ ಹಿಂದಕ್ಕೆ ಹೊಗಬೇಕು, ಇಲ್ಲವೇ ಹಿಂದಕ್ಕೆ ಹೊರಬೀಳಬೇಕು. ಆ ನೂರು ಮೀಟರಿನ ರಿವರ್ಸ್ ಓಣಿಯ ಅತ್ಯಂತ ಅಪಾಯದ ಗಳಿಗೆ. ಕ್ಲೀನರ್ ಕೆಳಗಿಳಿದು, ಗಾಡಿಯ ಹಿಂದೆ ಅಲ್ಲ, ಕನ್ನಡಿಯಲ್ಲಿ ತಾನು ಕಾಣುವಂತೆ ಬದಿಗೆ ನಿಂತು ದಾರಿ ತೋರಿಸಬೇಕು. ಅವನು ಕಣ್ಣಿಗೆ ಮರೆಯಾದ ಕ್ಷಣ ಚಾಲಕ ಬ್ರೇಕ್ ಹಾಕಬೇಕು. ಲಂಡನ್ ನಗರದಲ್ಲಿ 12 ಟನ್ನಿಗಿಂತ ಭಾರದ ಸರಕು ಗಾಡಿಗಳಿಗೆ ಚಾಲಕನ ಕಣ್ಣಿಗೆ ನೇರವಾಗಿ ಎಷ್ಟು ರಸ್ತೆ ಕಾಣುತ್ತದೆ ಎಂಬುದನ್ನು ಅಳೆದು ನಕ್ಷತ್ರದ ದರ್ಜೆ ಕೊಡುತ್ತಾರೆ. 2021ರ ಮಾರ್ಚಿನಿಂದ ಈ ದರ್ಜೆಯ ಆಧಾರದ ಪರವಾನಗಿ ಇಲ್ಲದ ಗಾಡಿಗೆ ದಂಡ ಬೀಳುತ್ತದೆ. ಕಡಿಮೆ ದರ್ಜೆಯ ಗಾಡಿಗೆ ಕ್ಯಾಮೆರಾ, ಸೆನ್ಸರ್ ಹಾಕಿಸಲೇಬೇಕು. ಅಷ್ಟು ದೂರ ಹೋಗದಿದ್ದರೂ ಹಿಂಬದಿಯ ಕ್ಯಾಮೆರಾ ಇಂದು ತಾಲೂಕಿನ ಗ್ಯಾರೇಜಿನಲ್ಲೂ ಸಿಗುವ ವಸ್ತು. ಪೌರಾಡಳಿತ ತನ್ನ ಗುತ್ತಿಗೆಯಲ್ಲಿ ಅದನ್ನು ಕಡ್ಡಾಯ ಮಾಡಬಹುದು.

ಇವನ್ನೆಲ್ಲ ಜಾರಿಗೆ ತರುವ ಅಧಿಕಾರ ಯಾರದು? 1988ರ ಮೋಟಾರು ವಾಹನ ಅಧಿನಿಯಮದ 115ನೇ ಕಲಂ, ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ವರೂಪ ನೋಡಿ, ಒಂದು ರಸ್ತೆಯಲ್ಲಿ ಇಂಥ ವಾಹನ ಓಡಬಾರದು ಎಂದು ನಿರ್ಬಂಧಿಸಲು ಅವಕಾಶ ಕೊಡುತ್ತದೆ. ರಾಜ್ಯದ 1989ರ ನಿಯಮಗಳಲ್ಲಿನ 221ಎ ನಿಯಮದ ಆಧಾರದಲ್ಲಿ ಜಿಲ್ಲಾಧಿಕಾರಿಗಳು ಇಂಥ ಆದೇಶ ಹೊರಡಿಸುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಭೂಕುಸಿತದ ನಂತರ ಭಾರದ ವಾಹನಗಳನ್ನು ತಡೆದದ್ದು ಈ ಬಗೆಯ ಆದೇಶದಿಂದಲೇ. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅಂದರೆ ಒಂದು ಓಣಿಯ ಕಾಮಗಾರಿ ನಡೆಯುವಷ್ಟು ಕಾಲಕ್ಕೆ ದಾರಿ ಮತ್ತು ಹೊತ್ತು ಗೊತ್ತುಮಾಡುವುದಕ್ಕೆ ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ. ಮಿತಿಮೀರಿದ ಭಾರಕ್ಕೆ 194ನೇ ಕಲಂ ಇದೆ. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ಇದಕ್ಕೆ ಬೇಕಾದದ್ದು ಊರ ಹೊರಗೊಂದು ವೇಬ್ರಿಡ್ಜ್ ಮತ್ತು ಅಲ್ಲಿ ನಿಲ್ಲುವ ಮನಸ್ಸಿರುವ ಅಧಿಕಾರಿ.

ಕಾನೂನಿಗಿಂತ ಮೊದಲು ಆಗಬೇಕಾದದ್ದು ದಾರಿಯ ನಕ್ಷೆ. ಪ್ರತಿ ಪಟ್ಟಣಕ್ಕೂ ಭಾರದ ಗಾಡಿ ಹೋಗಬಹುದಾದ ರಸ್ತೆಗಳನ್ನು ಒಮ್ಮೆ ಗುರುತಿಸಿಟ್ಟರೆ ಪ್ರತಿ ಕಾಮಗಾರಿಗೂ ಅದೇ ಸಾಕು. ಇಂಡಿಯಲ್ಲಿ ಝಳಕಿಯ ಕಡೆಯಿಂದ ಮತ್ತು ಭೀಮಾ ತೀರದಿಂದ ಬರುವ ಗಾಡಿಗಳು ಬಜಾರಿಗೆ ಹೊಗದೆ ಹೊರಬದಿಯಿಂದಲೇ ಬಡಾವಣೆಗಳನ್ನು ಸೇರಬೇಕು. ಸಿಂದಗಿಯಲ್ಲಿ ಹೆದ್ದಾರಿಯೇ ಊರನ್ನು ಮುಟ್ಟುವುದರಿಂದ, ಹೆದ್ದಾರಿಯಿಂದ ಯಾವ ಅಡ್ಡರಸ್ತೆಗೆ ತಿರುಗಬಹುದು, ಯಾವುದಕ್ಕೆ ತಿರುಗಬಾರದು ಎಂಬ ಫಲಕಗಳೇ ಅರ್ಧ ಕೆಲಸ ಮಾಡುತ್ತವೆ. ಮುದ್ದೇಬಿಹಾಳದಲ್ಲಿ ತಾಳಿಕೋಟೆ, ನಾರಾಯಣಪುರ, ನಿಡಗುಂದಿಯ ಕಡೆಯ ಓಡಾಟ ಊರ ನಡುವೆ ಕೂಡಿಕೊಳ್ಳದಂತೆ ನೋಡಬೇಕು. ಬಸವನ ಬಾಗೇವಾಡಿ ಯಾತ್ರಿಕರ ಊರು. ಬಸವಣ್ಣನವರ ಜನ್ಮಸ್ಥಳವಾದ ಅಲ್ಲಿ ಬಸವ ಜಯಂತಿ ಮತ್ತು ಶ್ರಾವಣದ ಜಾತ್ರೆಯ ದಿನಗಳಲ್ಲಿ ಗುಡಿಯ ಸುತ್ತಲಿನ ರಸ್ತೆಗಳಿಗೆ ಯಾವ ಟಿಪ್ಪರೂ ಬರಕೂಡದು.

ದಾರಿಯ ಜೊತೆಗೆ ಹೊತ್ತು. ಬೆಳಿಗ್ಗೆ ಶಾಲೆ ತುಂಬುವ ಮತ್ತು ಸಂಜೆ ಬಿಡುವ ಹೊತ್ತು, ಸಂತೆಯ ದಿನ ಪೂರ್ತಿ, ರಾತ್ರಿ ಹತ್ತರ ನಂತರ ಓಣಿಗೆ ಭಾರದ ಗಾಡಿ ಬೇಡ. ಉಳಿಯುವುದು ನಡುಹಗಲು ಮತ್ತು ಮುಂಜಾನೆಯ ಸ್ವಲ್ಪ ಹೊತ್ತು. ಸಾಮಾನ್ಯ ಮಾಲಿಗೆ ಇಷ್ಟು ಧಾರಾಳವಾಗಿ ಸಾಕು. ಸ್ಲ್ಯಾಬ್ ಹಾಕುವ ದಿನ ಮಾತ್ರ ಬೇರೆ. 1200 ಚದರ ಅಡಿಯ ತಾರಸಿಗೆ ತೊಲೆಗಳೂ ಸೇರಿ 17-18 ಘನ ಮೀಟರ್ ಕಾಂಕ್ರೀಟು ಬೇಕು. ಅದು ಮೂರು ಮಿಕ್ಸರ್ ಲಾರಿ. ಒಂದೊಂದರಲ್ಲಿ ಆರು ಘನ ಮೀಟರ್, ಕಾಂಕ್ರೀಟಿನ ತೂಕವೇ ಹದಿನೈದು ಟನ್. ನೀರು ಬೆರೆಸಿದ ಎರಡು ಗಂಟೆಯೊಳಗೆ ಅದನ್ನು ಸುರಿಯಬೇಕು, ಶುರುವಾದ ಸ್ಲ್ಯಾಬ್ ಅರ್ಧಕ್ಕೆ ನಿಲ್ಲಬಾರದು. ಹಾಗಾಗಿ ಆ ಒಂದು ದಿನಕ್ಕೆ ಮುಂಚಿತ ಅನುಮತಿ ಕೊಟ್ಟು, ಲಾರಿಗಳನ್ನು ಒಂದೊಂದಾಗಿ ಒಳಗೆ ಬಿಟ್ಟು, ಉಳಿದವನ್ನು ಊರ ಹೊರಗೆ ನಿಲ್ಲಿಸಿಕೊಳ್ಳುವುದು ಸರಿಯಾದ ಕ್ರಮ. ಅಗಲದ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಪಂಪಿನ ಪೈಪಿನಿಂದ ಓಣಿಯೊಳಗಿನ ಮನೆಗೆ ಕಾಂಕ್ರೀಟ್ ಮುಟ್ಟಿಸುವುದು ಇನ್ನೂ ಒಳ್ಳೆಯದು.

ವೇಗ ಮತ್ತು ಮಿತಿಮೀರಿದ ಭಾರದ ಬೇರು ಹುಡುಕಿದರೆ ಅದು ಕೂಲಿಯ ಲೆಕ್ಕದಲ್ಲಿ ಸಿಗುತ್ತದೆ. ಚಾಲಕನಿಗೆ ಟ್ರಿಪ್ಪಿಗಿಷ್ಟು ಎಂದು ಕೊಟ್ಟರೆ ಅವನು ಓಡಿಸುತ್ತಾನೆ. ಮಾಲಕನಿಗೆ ಬ್ರಾಸಿಗಿಷ್ಟು ಎಂದು ಕೊಟ್ಟರೆ ಅವನು ಹೇರುತ್ತಾನೆ. ಬೈದು, ದಂಡ ಹಾಕಿ ಇದನ್ನು ಪೂರ್ತಿ ತಡೆಯಲಾಗದು. ದಿನಗೂಲಿಯ ಮೇಲೆ ಚಾಲಕನನ್ನು ಇಟ್ಟು, ತೂಕದ ಚೀಟಿಯಲ್ಲಿ ಮಿತಿಯವರೆಗಿನ ಮಾಲಿಗೆ ಮಾತ್ರ ಬಿಲ್ ಕೊಟ್ಟು, ಮೇಲಿನದಕ್ಕೆ ಬಿಡಿಗಾಸೂ ಇಲ್ಲ ಎಂದು ಕರಾರಿನಲ್ಲಿ ಬರೆದರೆ ಹೇರುವ ಆಸೆ ತಾನಾಗಿ ಇಳಿಯುತ್ತದೆ.

ತಂದ ಮಾಲನ್ನು ಎಲ್ಲಿ ಇಳಿಸುವುದು ಎಂಬುದೂ ಸಾಗಣೆಯ ಭಾಗವೇ. ಅರ್ಧ ರಸ್ತೆಗೆ ಸುರಿದ ಉಸುಕಿನ ರಾಶಿ ಮುಂದಿನ ಗಾಡಿಗೆ ದಾರಿ ಕಟ್ಟುತ್ತದೆ, ಮಳೆಗೆ ಗಟಾರ ಸೇರುತ್ತದೆ, ರಾತ್ರಿ ಮೋಟಾರ್ ಸೈಕಲ್ ಸವಾರನನ್ನು ಬೀಳಿಸುತ್ತದೆ. ಕೆಡವಿದ ಮನೆಯ ಕಲ್ಲು-ಮಣ್ಣಿಗೆ 2016ರ ಕಟ್ಟಡ ತ್ಯಾಜ್ಯ ನಿಯಮಗಳು ಬಂದವು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ದಾಟುವವರು ವಿಲೇವಾರಿಯ ಯೋಜನೆ ಕೊಡಬೇಕೆಂದು ಅವು ಹೇಳಿದವು. ಸಣ್ಣವರಿಗೆ ಪೌರಾಡಳಿತವೇ ಜಾಗ ತೋರಿಸಬೇಕು. ತೋರಿಸದಿದ್ದರೆ ಅದು ಹಳ್ಳದ ದಂಡೆಗೆ ಹೋಗುತ್ತದೆ.

ಕೆಟ್ಟ ರಸ್ತೆಯ ಖರ್ಚು ಯಾರ ಮೇಲೆ ಬೀಳಬೇಕು ಎಂಬುದನ್ನು ಬಳ್ಳಾರಿ, ಸಂಡೂರು, ಹೊಸಪೇಟೆಯ ಜನ ಕಷ್ಟಪಟ್ಟು ಕಲಿತರು. ಈ ಶತಮಾನದ ಮೊದಲ ದಶಕದಲ್ಲಿ ಅದಿರು ಲಾರಿಗಳು ಅಲ್ಲಿನ ರಸ್ತೆಗಳನ್ನು ಪುಡಿಮಾಡಿದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆಯೇ ಆ ಓಡಾಟ ನಿಂತಿತು. ಆಮೇಲೆ ಅದಿರನ್ನು ಲಾರಿಯ ಬದಲು ಕನ್ವೇಯರ್ ಮೇಲೆ ಸಾಗಿಸುವ ಮಾತು ಗಟ್ಟಿಯಾಗಿ, ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಕೊಳವೆ ಕನ್ವೇಯರ್ ಎದ್ದಿತು. ಓಣಿಯ ಮನೆಗೆ ಕನ್ವೇಯರ್ ಬಾರದು. ಆದರೆ ಹೊರುವವನೇ ದಾರಿಯ ಹೊಣೆ ಹೊರಬೇಕು ಎಂಬ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರ, ಎಂಜಿನಿಯರ್ ಮತ್ತು ಓಣಿಯ ಇಬ್ಬರು ಸೇರಿ ರಸ್ತೆ, ಗಟಾರದ ಕಲ್ಲು, ಮ್ಯಾನ್‌ಹೋಲ್ ಮುಚ್ಚಳ, ಹಳೆಯ ಗೋಡೆಗಳ ಫೋಟೊ ತೆಗೆದು ತಾರೀಖು ಹಾಕಿ ಸಹಿ ಮಾಡಿಟ್ಟುಕೊಳ್ಳಬೇಕು. ಠೇವಣಿಯ ಒಂದು ಪಾಲನ್ನು ಈ ದುರಸ್ತಿಗೆಂದೇ ತಡೆಹಿಡಿಯಬೇಕು. ಈ ಕಾಗದ ಇಲ್ಲದಿದ್ದರೆ ಬಿರುಕು ಹಳೆಯದೋ ಹೊಸದೋ ಎಂಬ ವಾದದಲ್ಲೇ ವರ್ಷ ಕಳೆಯುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತ ಇನ್ನೂ ಮುಂದಿದೆ. 519.6 ಮೀಟರಿನಲ್ಲಿರುವ ಆಲಮಟ್ಟಿಯ ನೀರಿನ ಮಟ್ಟ 524.256 ಮೀಟರಿಗೆ ಏರಿದರೆ ಮತ್ತಷ್ಟು ಊರುಗಳು ಎತ್ತರಕ್ಕೆ ಹೋಗಬೇಕು, ಮತ್ತಷ್ಟು ಕಾಲುವೆಗಳು ಬರಬೇಕು. ನಾಲ್ಕೂ ಪಟ್ಟಣಗಳ ಓಣಿಗಳು ಇನ್ನೊಂದು ಸುತ್ತು ಟಿಪ್ಪರುಗಳನ್ನು ಕಾಣಲಿವೆ. ಅದಕ್ಕೆ ಮೊದಲು ಪ್ರತಿ ವಾರ್ಡಿನವರು ತಮ್ಮ ಸದಸ್ಯರನ್ನೂ ಮುಖ್ಯಾಧಿಕಾರಿಯನ್ನೂ ಲಿಖಿತವಾಗಿ ಕೇಳಬೇಕು: ಗಾಡಿಗಳು ಯಾವ ದಾರಿಯಿಂದ, ಯಾವ ಹೊತ್ತಿಗೆ, ಎಷ್ಟು ಭಾರ ಹೊತ್ತು ಬರುತ್ತವೆ, ಕೆಟ್ಟದ್ದನ್ನು ಯಾರು ಕಟ್ಟಿಕೊಡುತ್ತಾರೆ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಟೆಂಡರಿನ ಪ್ರತಿಯನ್ನೇ ತರಿಸಿಕೊಂಡು ಓದಬಹುದು. ಕಾಮಗಾರಿ ಆದೇಶಕ್ಕೆ ಸಹಿ ಬೀಳುವ ಮುಂಚೆಯೇ ಆ ಅರ್ಜಿ ಹೋಗಲಿ.